ಬರಗಾಲದಲ್ಲಿ ದನಕರು: ಕಡೂರಿನ ಅಂಚಿನಿಂದ ಒಂದು ಉತ್ತರ

ಮಳೆ ಹೋದ ವರ್ಷ ಹೊಲವನ್ನು ಬೀಳು ಬಿಡಬಹುದು, ಆದರೆ ಕೊಟ್ಟಿಗೆಯ ದನಗಳನ್ನು ಏನು ಮಾಡುತ್ತೀರಿ, ಅರ್ಧದಷ್ಟನ್ನಾದರೂ ಮಾರಿ ಭಾರ ಇಳಿಸಿಕೊಳ್ಳಬಾರದೇಕೆ ಎಂದು ನೀವು ಕೇಳಿದ್ದೀರಿ. ಇದಕ್ಕೆ ಉತ್ತರಿಸುವ ಮೊದಲು ನಮ್ಮ ಜಾಗದ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ಚಿಕ್ಕಮಗಳೂರು ಜಿಲ್ಲೆಯವರು ಎಂದೊಡನೆ ಹೊರಗಿನವರ ಕಣ್ಣಿಗೆ ಕಾಫಿ ತೋಟ ಬರುತ್ತದೆ. ನಮ್ಮದು ಕಡೂರು ತಾಲ್ಲೂಕಿನ ಅಂಚು. ಆಚೆ ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕು. ಎರಡು ಜಿಲ್ಲೆಗಳ ಗಡಿಯಾಗಿರುವಂತೆಯೇ ಇದು ಮಳೆಯ ಗಡಿಯೂ ಹೌದು. ಶೃಂಗೇರಿಯ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ, ಗಿರಿಸಾಲು ದಾಟಿ ನಮ್ಮಲ್ಲಿಗೆ ಬರುವಷ್ಟರಲ್ಲಿ 600ರ ಆಸುಪಾಸಿಗೆ ಇಳಿದಿರುತ್ತದೆ. ಬಾಬಾಬುಡನ್‌ಗಿರಿಯ ನೀರು ಅಯ್ಯನಕೆರೆಗೋ ಮದಗದ ಕೆರೆಗೋ ಹರಿದು ಬಂದರೆ ಆ ಅಚ್ಚುಕಟ್ಟಿನವರಿಗೆ ಉಸಿರಾಡಲು ಆಸ್ಪದವಾಗುತ್ತದೆ. ಮಳೆಯನ್ನೇ ನಂಬಿದ ನಮ್ಮಂಥವರಿಗೆ ಅದೂ ಇಲ್ಲ.

ಬರವೆಂದರೆ ನೀರಿನ ಬರ ಎಂದು ಪೇಟೆಯವರು ತಿಳಿಯುವುದು ಸಹಜ. ದನ ಸಾಕುವವರಿಗೆ ಅದು ಮೊದಲು ಹುಲ್ಲಿನ ಬರ. ಕರೆಯುವ ಸೀಮೆಹಸು ಬೇಸಿಗೆಯಲ್ಲಿ ದಿನಕ್ಕೆ 60ರಿಂದ 80 ಲೀಟರ್ ನೀರು ಕುಡಿಯುತ್ತದೆ ಎಂಬುದು ನಿಜವೇ. ಆದರೂ ಕೊಳವೆಬಾವಿ ಬತ್ತಿದರೆ ಪಕ್ಕದ ತೋಟದವರನ್ನು ಕೇಳಿಯೋ, ಟ್ಯಾಂಕರ್ ತರಿಸಿಯೋ ಬಾನಿ ತುಂಬಿಸುತ್ತೇವೆ. ಹುಲ್ಲು ಹಾಗೆ ಕೇಳಿದ ಕೂಡಲೇ ಸಿಗುವ ವಸ್ತುವಲ್ಲ. ಜುಲೈ–ಆಗಸ್ಟಿನಲ್ಲಿ ಬಿತ್ತಿದ ರಾಗಿ ಕೊಯ್ಲಾಗಿ, ಒಕ್ಕಣೆ ಮುಗಿದು, ಸಂಕ್ರಾಂತಿಯ ಹೊತ್ತಿಗೆ ಹಿತ್ತಲಿನಲ್ಲಿ ಎಷ್ಟು ಎತ್ತರದ ಮೆದೆ ನಿಂತಿದೆಯೋ ಅಷ್ಟರ ಮೇಲೆಯೇ ಮುಂದಿನ ಮುಂಗಾರಿನವರೆಗಿನ ಲೆಕ್ಕ. ಹೀಗಾಗಿ ಬಿಸಿಲು ಇನ್ನೂ ಏರದ ಜನವರಿಯಲ್ಲೇ ಆ ವರ್ಷ ದನಗಳ ಗತಿ ಏನೆಂಬುದು ಗೊತ್ತಾಗಿಬಿಟ್ಟಿರುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷ ರಾಗಿ ತೆನೆ ಕಟ್ಟದಿರುವುದು ಮನುಷ್ಯರ ನಷ್ಟವಾದರೆ, ಪೈರು ಮೊಣಕಾಲೆತ್ತರಕ್ಕೇ ನಿಂತುಬಿಡುವುದು ದನಗಳ ನಷ್ಟ. ಅಂಗಡಿಯಲ್ಲಿ ಅಕ್ಕಿ ಸಿಗುತ್ತದೆ. ರಾಗಿಹುಲ್ಲನ್ನು ಮಾರುವವರು ಆ ವರ್ಷ ಯಾರೂ ಇರುವುದಿಲ್ಲ.

ಇರುವ ಮೆದೆಯನ್ನು ಹಂಚುವುದೇ ಆಗ ಮನೆಯ ದೊಡ್ಡ ಕೆಲಸ, ಮತ್ತು ಅದನ್ನು ಎಲ್ಲರ ಕೈಗೂ ಬಿಡುವುದಿಲ್ಲ. ನಮ್ಮಲ್ಲಿ ಹುಲ್ಲು ಹಿರಿಯುವವರು ಅಮ್ಮ. ಮೆದೆಯ ಒಂದೇ ಮಗ್ಗುಲಿನಿಂದ, ಮೇಲಿನ ಹೊದಿಕೆ ಕುಸಿಯದಂತೆ, ಒಳಗಿನ ಹುಲ್ಲನ್ನು ಹಿಡಿಹಿಡಿಯಾಗಿ ಎಳೆದು, ಧೂಳು ಕೊಡವಿ, ಗೇಣುದ್ದಕ್ಕೆ ಕತ್ತರಿಸಿ, ಉಪ್ಪುನೀರು ಚಿಮುಕಿಸಿ ಗೋದಲಿಗೆ ಹಾಕುತ್ತಾರೆ. ಉದ್ದ ಹುಲ್ಲನ್ನು ಹಾಗೆಯೇ ಹಾಕಿದರೆ ದನ ಎಳೆದಾಡಿ ಅರ್ಧವನ್ನು ಕಾಲಡಿಗೆ ತುಳಿಯುತ್ತದೆ. ಸಮೃದ್ಧಿಯ ವರ್ಷ ಅದನ್ನು ಗೊಬ್ಬರಕ್ಕಾಯಿತೆಂದು ಬಿಡುವವರೇ ಬರದಲ್ಲಿ ಒಂದೊಂದು ಕಡ್ಡಿಯನ್ನೂ ಹೆಕ್ಕುತ್ತಾರೆ. ಮೊದಲ ಪಾಲು ಕರೆಯುವ ಹಸುವಿಗೆ, ಏಕೆಂದರೆ ಡೇರಿಯ ಹಾಲಿನ ದುಡ್ಡಿನಿಂದಲೇ ಬೂಸ, ಹಿಂಡಿ ಬರಬೇಕು. ಎರಡನೆಯದು ಗಬ್ಬದ ಹಸುವಿಗೆ. ಉಳುಮೆ ಇಲ್ಲದ ಎತ್ತುಗಳಿಗೆ ಜೀವ ಹಿಡಿದುಕೊಳ್ಳುವಷ್ಟು ಮಾತ್ರ, ಮತ್ತು ಹಸುಗಳು ಬಿಟ್ಟ ಉಳಿಕೆ ಬತ್ತಿದ ಎಮ್ಮೆಗೆ. ವರ್ಷವಿಡೀ ದುಡಿದ ಎತ್ತಿಗೆ ಕಡಿಮೆ ಹಾಕುವಾಗ ಮನಸ್ಸು ಒಪ್ಪುವುದಿಲ್ಲ, ಆದರೂ ಇದಕ್ಕಿಂತ ನ್ಯಾಯವಾದ ಲೆಕ್ಕವೊಂದು ನನಗೆ ತೋರಿಲ್ಲ.

ಮೆದೆ ತಳ ಕಾಣುವ ಹೊತ್ತಿಗೆ ಭದ್ರಾ ನಾಲೆಯ ಕಡೆಯಿಂದ ಭತ್ತದ ಹುಲ್ಲಿನ ಲಾರಿಗಳು ಬರುತ್ತವೆ. ಭತ್ತದ ಹುಲ್ಲು ರಾಗಿಹುಲ್ಲಿಗೆ ಸಮವಲ್ಲ; ಅದರಲ್ಲಿ ಸತ್ವ ಕಡಿಮೆ, ಮೇಲಾಗಿ ಅದರಲ್ಲಿರುವ ಆಕ್ಸಲೇಟ್ ಹಸುವಿನ ಮೈಗೆ ಸೇರಬೇಕಾದ ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಳ್ಳುವುದರಿಂದ ಖನಿಜ ಮಿಶ್ರಣ ಕೊಡಲೇಬೇಕು. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 50–60 ಲೀಟರ್ ನೀರಿನಲ್ಲಿ ಕರಗಿಸಿ ಪದರಪದರವಾಗಿ ಚಿಮುಕಿಸಿ, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಮೂರು ವಾರ ಇಟ್ಟರೆ ಅದೇ ಹುಲ್ಲು ಮೆತ್ತಗಾಗಿ ಜೀರ್ಣವಾಗುತ್ತದೆ. ತೆಗೆದ ಮೇಲೆ ಘಾಟು ಹೋಗುವ ತನಕ ಆರಲು ಬಿಡಬೇಕು, ಆರು ತಿಂಗಳೊಳಗಿನ ಕರುಗಳಿಗೆ ಹಾಕಬಾರದು, ಯೂರಿಯಾ ಕರಗಿಸಿದ ನೀರಿಗೆ ದನ ಬಾಯಿ ಹಾಕಿದರೆ ಸಾಯುತ್ತದೆ. ಈ ಭಯಕ್ಕೇ ಅನೇಕರು ಅದರ ತಂಟೆಗೆ ಹೋಗುವುದಿಲ್ಲ. ಅವರು ನೆಚ್ಚುವುದು ಸೊಪ್ಪನ್ನು: ಬದುವಿನ ಬಸರಿ, ಅರಳಿ, ಗೋಣಿ, ಹಲಸು. ಹಳ್ಳದ ಕರಿಜಾಲಿಯ ಕಾಯಿ ಉದುರಿಸಿದರೆ ಆಡುಕುರಿಗಳಿಗೆ ಅದೇ ಹಿಂಡಿ.

ಇನ್ನು ಮಾರುವ ವಿಚಾರ. ಬರದಲ್ಲಿ ಎಲ್ಲರೂ ಒಟ್ಟಿಗೆ ಸಂತೆಗೆ ಹೊಡೆದುಕೊಂಡು ಹೋಗುವುದರಿಂದ ಬೆಲೆ ಅರ್ಧಕ್ಕೂ ಕೆಳಗೆ ಬೀಳುತ್ತದೆ. ಮಳೆ ಬಂದ ಮೇಲೆ ಅಂಥದ್ದೇ ಹಸುವನ್ನು ಕೊಳ್ಳಹೋದರೆ ದುಪ್ಪಟ್ಟು ತೆರಬೇಕು. ಸೀಮೆಹಸುವಿನ ಗಂಡುಕರುವನ್ನಂತೂ ಕೇಳುವವರೇ ಇಲ್ಲ. ಕೆಲವರು ಕಡಸುಗಳನ್ನು ನೀರಾವರಿ ಕಡೆಯ ನೆಂಟರಿಗೆ ಪಾಲಿಗೆ ಕೊಡುತ್ತಾರೆ: ಸಾಕುವುದು ಅವರು, ಹುಟ್ಟುವ ಕರುವಿನಲ್ಲಿ ಇಬ್ಬರಿಗೂ ಪಾಲು. ನನ್ನ ದೃಷ್ಟಿಯಲ್ಲಿ ಮಾರುವುದಕ್ಕಿಂತ ಇದು ಎಷ್ಟೋ ಮೇಲು.

ದನಗಳನ್ನು ಮೇವಿರುವಲ್ಲಿಗೆ ನಡೆಸುವುದು ಈ ಸೀಮೆಯ ಹಳೆಯ ಪದ್ಧತಿ. ಮೈಸೂರು ಅರಸರ ದನಗಳನ್ನು ಸಾಕುತ್ತಿದ್ದ ಬೆಣ್ಣೆ ಚಾವಡಿ ಎಂಬ ಇಲಾಖೆ, ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆದಾಗ, ಅದರ ಹಿಂಡುಗಳಿಗೆ ಮಳೆಗಾಲ, ಚಳಿಗಾಲ, ಬೇಸಿಗೆ ಎಂದು ಬೇರೆಬೇರೆ ಕಾವಲುಗಳೇ, ಅಂದರೆ ಮೇಯಲೆಂದೇ ಕಾದಿರಿಸಿದ ಹುಲ್ಲುಗಾವಲುಗಳೇ, ಇದ್ದವು. ಬೇಸಿಗೆಯ ಕಾವಲೆಂದರೆ ನೀರೂ ನೆರಳೂ ಉಳಿದಿರುವ ನೆಲ. ಅಜ್ಜಂಪುರದ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರ 1929ರಿಂದ ಇದ್ದರೂ ಹಳೆಯ ಕಾವಲುಗಳಲ್ಲಿ ಬಹುಪಾಲು ಇಂದು ಸಾಗುವಳಿಯೋ ನೆಡುತೋಪೋ ಆಗಿವೆ, ಊರ ಗೋಮಾಳಗಳ ಕಥೆಯೂ ಅದೇ. ಕುರಿ ಸಾಕುವವರು ಮಾತ್ರ ಈಗಲೂ ನಡೆಯುತ್ತಾರೆ. ಕೊಯ್ಲಾದ ಗದ್ದೆಯಲ್ಲಿ ರಾತ್ರಿ ಮಂದೆ ನಿಲ್ಲಿಸಿದರೆ ಗದ್ದೆಗೆ ಗೊಬ್ಬರ, ಅವರಿಗೆ ದವಸವೋ ದುಡ್ಡೋ. ಸರ್ಕಾರ ತೆರೆಯುವ ಮೇವು ಬ್ಯಾಂಕುಗಳಿಂದ ಆಸರೆಯಾಗುವುದುಂಟು, ಆದರೆ ಅವು ತೆರೆಯುವುದು ಸಾಮಾನ್ಯವಾಗಿ ಬೇಸಿಗೆಯಲ್ಲಿ. ನಮಗೆ ಹುಲ್ಲಿನ ಲೆಕ್ಕ ತಪ್ಪಿದ್ದು ಸಂಕ್ರಾಂತಿಗೇ.

ಮಳೆ ಬಿದ್ದೊಡನೆ ಕಷ್ಟ ಮುಗಿಯಿತೆಂದು ನೀವು ಭಾವಿಸಬಹುದು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಇದೆ, ಆದರೆ ದನ ಕಾಯುವವರು ಹೆಚ್ಚು ಎಚ್ಚರವಾಗಿರಬೇಕಾದದ್ದು ಆ ಹದಿನೈದು ದಿನಗಳಲ್ಲೇ. ಒಣಗಿ ನಿಂತಿದ್ದ ಮೇವಿನ ಜೋಳದ ಕೂಳೆ ಚಿಗುರೊಡೆಯುತ್ತದೆ. ಆ ಎಳೆಯ ಚಿಗುರಿನಲ್ಲಿ ಸೈನೈಡ್ ವಿಷದ ಅಂಶವಿದ್ದು, ಹಸಿದ ದನ ಹೊಟ್ಟೆತುಂಬ ಮೇಯ್ದರೆ ಹೊಲದಲ್ಲೇ ಉರುಳಿಬೀಳುತ್ತದೆ. ಗಂಟಲುಬೇನೆಯೂ ಆ ಹೊತ್ತಿನದೇ ಆದ್ದರಿಂದ ಲಸಿಕೆಯನ್ನು ಮಳೆಗೆ ಮುಂಚೆಯೇ ಹಾಕಿಸಿರಬೇಕು. ತಿಂಗಳುಗಟ್ಟಲೆ ಒಣಹುಲ್ಲಿಗೆ ಒಗ್ಗಿದ ಹೊಟ್ಟೆಗೆ ಗರಿಕೆಯ ಎಳೆಹುಲ್ಲು ಒಮ್ಮೆಲೇ ಬಿದ್ದರೆ ಭೇದಿ ಶುರುವಾಗಿ, ಬರದಲ್ಲಿ ಉಳಿದುಕೊಂಡ ಕರುಗಳು ಹಸಿರಿನಲ್ಲಿ ಸೊರಗುತ್ತವೆ. ಅದಕ್ಕಾಗಿ ಮೆದೆಯ ಕೊನೆಯ ಪಾಲನ್ನು ಮುಟ್ಟದೆ ಉಳಿಸಿಕೊಂಡು, ಮಳೆ ಬಂದ ಮೇಲೂ ಬೆಳಗ್ಗೆ ಒಣಹುಲ್ಲು ತಿನ್ನಿಸಿಯೇ ದನಗಳನ್ನು ಬಯಲಿಗೆ ಬಿಡುತ್ತೇವೆ.