ಒಂದೇ ಚಕ್ರ ಬಿಸಿಯಾಗುತ್ತಿದ್ದರೆ ಮೊದಲು ಇದನ್ನು ನೋಡಿ

ಹೊಸ ಬ್ರೇಕ್ ಪ್ಯಾಡ್ ಹಾಕಿಸಿದ ಮೇಲೂ ಮುಂದಿನ ಎಡಚಕ್ರ ಮಾತ್ರ ಕಾಯುತ್ತಿದೆ, ಬ್ರೇಕ್ ಒತ್ತದಿದ್ದರೂ ಗಾಡಿ ಎಡಕ್ಕೆ ಎಳೆಯುತ್ತದೆ, ಕ್ಯಾಲಿಪರ್ (ಪ್ಯಾಡನ್ನು ಚಕ್ರದ ಡಿಸ್ಕಿಗೆ ಒತ್ತುವ ಭಾಗ) ಬದಲಾಯಿಸಲೇ ಎಂದು ಕೇಳಿದ್ದೀರಿ. ಈಗಲೇ ಬೇಡ. ಪ್ಯಾಡ್ ಡಿಸ್ಕನ್ನು ಪೂರ್ತಿ ಬಿಡುತ್ತಿಲ್ಲ ಅನ್ನಿಸುತ್ತದೆ. ಯಾಕೆ ಅಂತ ಮೊದಲು ಹುಡುಕಿ.

ಗಾಡಿ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಬೇಡಿ. ಬ್ರೇಕ್ ಒತ್ತಿ ಬಿಟ್ಟು, ಚಕ್ರ ತಿರುಗಿಸಿ. ಬಿಗಿಯಾಗಿದ್ದರೆ ಕ್ಯಾಲಿಪರ್ ಮೇಲಿನ ಬ್ಲೀಡರ್ ಸ್ಕ್ರೂ (ಬ್ರೇಕ್ ಆಯಿಲ್ ಹೊರಬಿಡುವ ತಿರುಪು) ಸ್ವಲ್ಪ ಸಡಿಲಿಸಿ. ತಕ್ಷಣ ಚಕ್ರ ಸಲೀಸಾಗಿ ತಿರುಗಿದರೆ ಒತ್ತಡ ವಾಪಸ್ ಹೋಗುತ್ತಿಲ್ಲ ಎಂದರ್ಥ. ಆಗ ನನ್ನ ಅನುಮಾನ ಕ್ಯಾಲಿಪರ್‌ಗೆ ಆಯಿಲ್ ತರುವ ರಬ್ಬರ್ ಹೋಸ್ ಮೇಲೆ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ದಾರಿ ಮುಚ್ಚಿರುತ್ತದೆ. ಇದನ್ನು ನೋಡದೆ ಕ್ಯಾಲಿಪರ್‌ಗೆ ದುಡ್ಡು ಹಾಕಿದರೆ ದಂಡ ಅಲ್ವಾ?

ಸ್ಕ್ರೂ ಸಡಿಲಿಸಿದರೂ ಬಿಗಿಯಾಗಿಯೇ ಇದ್ದರೆ ಸ್ಲೈಡ್ ಪಿನ್ (ಕ್ಯಾಲಿಪರ್ ಸರಿದಾಡುವ ಕಡ್ಡಿ) ಅಥವಾ ಪಿಸ್ಟನ್ (ಪ್ಯಾಡನ್ನು ತಳ್ಳುವ ತುಂಡು) ಸಿಕ್ಕಿಕೊಂಡಿರಬೇಕು. ಪಿನ್ ಕೈಯಲ್ಲೇ ಜಾರಬೇಕು. ಒರೆಸಿ, ಬ್ರೇಕ್‌ಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿ. ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಪಿಸ್ಟನ್ ತುಕ್ಕು ಹಿಡಿದು ಗುಳಿ ಬಿದ್ದಿದ್ದರೆ ಉಜ್ಜಿ ಹಾಕಬೇಡಿ, ಬದಲಾಯಿಸಿ. ಹಳೆಯ ಬ್ರೇಕ್ ಆಯಿಲ್ ನೀರು ಹೀರಿಕೊಂಡಿರುತ್ತದೆ, ಅದನ್ನೂ ತೆಗೆಸಿ.

ಬ್ಲೀಡರ್ ಸ್ಕ್ರೂ ಸಡಿಲಿಸಿದ್ದೀರಲ್ಲ, ಬ್ರೇಕ್ ಆಯಿಲ್ ಒಳಗೆ ಸೇರಿದ ಗಾಳಿ ತೆಗೆಯುವುದನ್ನು ಮರೆಯಬೇಡಿ. ಪೆಡಲ್ ಗಟ್ಟಿಯಾಗುವವರೆಗೆ ಗಾಡಿ ಕದಲಿಸಬೇಡಿ.