ನಾಯಿಗೆ ಡಿಸ್ಟೆಂಪರ್, ಪಶು ಆಸ್ಪತ್ರೆ 30 ಕಿಲೋಮೀಟರ್ ದೂರ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಸಾಗರ ತಾಲೂಕಿನ ಒಳಗಿನ ಹಳ್ಳಿ. ತೋಟದ ನಾಯಿಗೆ ಎರಡು ವರ್ಷ, 18 ಕೆ.ಜಿ. ಇರಬಹುದು. ಲಸಿಕೆ ಹಾಕಿಸಿರಲಿಲ್ಲ. ಒಂದು ವಾರದಿಂದ ಕಣ್ಣಲ್ಲಿ ಗೀಜು, ಮೂಗಲ್ಲಿ ಗೊಣ್ಣೆ, ಕೆಮ್ಮು. ಊಟ ಬಿಟ್ಟಿದೆ. ನಿನ್ನೆಯಿಂದ ತಲೆ ಸ್ವಲ್ಪ ಅದುರುತ್ತಿದೆ. ನಾಯಿ ನೋಡುವ ಡಾಕ್ಟರು ಇರುವುದು 30 ಕಿಲೋಮೀಟರ್ ದೂರದಲ್ಲಿ. ಫೋನಿನಲ್ಲಿ ಕೇಳಿ 'ಡಿಸ್ಟೆಂಪರ್ ಇರಬಹುದು' ಎಂದರು. ಬಸ್ಸಿನಲ್ಲಿ ಹತ್ತಿಸುವುದಿಲ್ಲ, ಬಾಡಿಗೆ ಗಾಡಿ ಒಂದು ಸಲ ಮಾಡಬಹುದು, ದಿನಾ ಆಗುವುದಿಲ್ಲ. ಊರಲ್ಲಿ ಬರೆ ಹಾಕಿಸಿ ಅನ್ನುತ್ತಾರೆ. ಮನೆಯಲ್ಲೇ ಏನು ಮಾಡಬಹುದು?

ಉತ್ತರ: ಬರೆ ಬೇಡ. ಬರೆ ಹಾಕಿದ ಮೇಲೆ ಬದುಕಿದ ನಾಯಿಯನ್ನು ಊರಲ್ಲಿ ಯಾರಾದರೂ ನೋಡಿರುತ್ತಾರೆ, ನಿಜ. ಡಿಸ್ಟೆಂಪರ್ ಅನ್ನುವುದು ನಾಯಿಗಳಿಗೆ ಅಂಟುವ ವೈರಸ್ ರೋಗ, ಅದು ಬಂದ ದೊಡ್ಡ ನಾಯಿಗಳಲ್ಲಿ ಸುಮಾರು ಅರ್ಧದಷ್ಟು ಹೇಗೂ ಬದುಕುತ್ತವೆ. ಬದುಕಿದ್ದು ಬರೆಯ ಲೆಕ್ಕಕ್ಕೆ, ಸತ್ತದ್ದು ಹಣೆಬರಹದ ಲೆಕ್ಕಕ್ಕೆ. ಅಷ್ಟೇ.

ಆರೈಕೆ ಶುರು ಮಾಡುವ ಮುಂಚೆ ನಿಮ್ಮ ಮನೆಯವರ ವಿಷಯ. ತಲೆ ಅದುರುತ್ತಿದೆ ಎಂದಿದ್ದೀರಿ. ಲಸಿಕೆ ಇಲ್ಲದ ನಾಯಿಗೆ ನರದ ತೊಂದರೆ ಕಂಡರೆ ನಮ್ಮಲ್ಲಿ ಮೊದಲು ಯೋಚಿಸಬೇಕಾದ್ದು ಹುಚ್ಚುನಾಯಿ ರೋಗ, ಅಂದರೆ ರೇಬೀಸ್. ಜೊಲ್ಲು, ದವಡೆ ಆಡಿಸುವುದು, ತೂರಾಟ, ಫಿಟ್ಸ್ ಎರಡರಲ್ಲೂ ಇರುತ್ತವೆ. ಬರೀ ಕಣ್ಣಲ್ಲಿ ನೋಡಿ ಬೇರೆ ಮಾಡುವುದು ನಮಗೂ ಕಷ್ಟ. ಕಳೆದ ಕೆಲವು ತಿಂಗಳಲ್ಲಿ ಬೇರೆ ನಾಯಿಯೋ ನರಿಯೋ ಕಚ್ಚಿತ್ತಾ? ಬೊಗಳುವ ಧ್ವನಿ ಬದಲಾಗಿದೆಯಾ? ಕೆಳದವಡೆ ಜೋತುಬಿದ್ದಿದೆಯಾ? ನುಂಗಲು ಆಗುತ್ತಿಲ್ಲವಾ? ಸುಮ್ನೆ ಮೈಮೇಲೆ ಬರುತ್ತಿದೆಯಾ? ಒಂದಕ್ಕೆ ಹೌದು ಎಂದರೂ ಮುಟ್ಟಬೇಡಿ. ಕೋಣೆಯಲ್ಲಿ ಕೂಡಿಹಾಕಿ, ಡಾಕ್ಟರಿಗೆ ತಿಳಿಸಿ. ರೇಬೀಸ್ ಬಂದ ನಾಯಿ ಲಕ್ಷಣ ಶುರುವಾದ ಮೇಲೆ ಸಾಮಾನ್ಯವಾಗಿ ಹತ್ತು ದಿನ ದಾಟುವುದಿಲ್ಲ. ಡಿಸ್ಟೆಂಪರ್ ವಾರಗಟ್ಟಲೆ ಎಳೆಯುತ್ತದೆ.

ಮೊದಲು ಗೊಣ್ಣೆ, ಕೆಮ್ಮು, ವಾರದ ಮೇಲೆ ಅದುರು ಅಂದರೆ ಅದು ಡಿಸ್ಟೆಂಪರ್ ಕಡೆಗೇ ವಾಲುತ್ತದೆ. ಆದರೂ ಆರೈಕೆ ಮಾಡುವವರು ಒಬ್ಬರೇ ಇರಲಿ, ಕೈಗೆ ಗ್ಲೌಸ್ ಇರಲಿ, ಮಕ್ಕಳು ದೂರ ಇರಲಿ. ಯಾರಿಗಾದರೂ ಕಚ್ಚಿದ್ದರೆ, ಅಥವಾ ಗಾಯದ ಮೇಲೆ ಜೊಲ್ಲು ಬಿದ್ದಿದ್ದರೆ 15 ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ನಾಯಿಗೆ ಏನಾಗುತ್ತದೆ ನೋಡೋಣ ಅಂತ ಕಾಯಬೇಡಿ. ಡಿಸ್ಟೆಂಪರ್ ಮಾತ್ರವಾದರೆ ಅದು ಮನುಷ್ಯರಿಗೆ ಅಂಟುವುದಿಲ್ಲ.

ಇನ್ನೆರಡು ಗೊಂದಲ. ಸಂಜೆವರೆಗೆ ಚೆನ್ನಾಗಿದ್ದ ನಾಯಿ ರಾತ್ರಿ ಇದ್ದಕ್ಕಿದ್ದಂತೆ ಜೊಲ್ಲು ಸುರಿಸಿ ಮೈಯೆಲ್ಲ ಅದುರಿದರೆ ಅದು ತೋಟದ ಕೀಟನಾಶಕ ಇರಬಹುದು. ಅದಕ್ಕೆ ಗಂಟೆಗಳ ಲೆಕ್ಕ, ತಕ್ಷಣ ಗಾಡಿ ಮಾಡಿ. ಒಸಡು ಬಿಳಿಚಿಕೊಂಡು, ಮೂಗಲ್ಲಿ ರಕ್ತ ಬಂದರೆ ಮೈಗೆ ಕಚ್ಚಿಕೊಳ್ಳುವ ಉಣ್ಣೆ ಹುಳದಿಂದ ಬರುವ ಜ್ವರ ಇರಬಹುದು. ಮಲೆನಾಡಿನ ನಾಯಿಗೆ ಉಣ್ಣೆ ಇಲ್ಲದಿದ್ದರೇ ಆಶ್ಚರ್ಯ. ಅದಕ್ಕೆ ಒಳ್ಳೆಯ ಔಷಧ ಇದೆ, ಹಾಗಾಗಿ ಡಾಕ್ಟರಿಗೆ ಹೇಳಲು ಮರೆಯಬೇಡಿ.

ಈಗ ರೋಗದ ಮಾತು. ಇದು ಮನುಷ್ಯರ ದಡಾರಕ್ಕೂ, ದನಗಳ ದೊಡ್ಡರೋಗಕ್ಕೂ (ರಿಂಡರ್‌ಪೆಸ್ಟ್) ನೆಂಟನಾದ ವೈರಸ್. ದೊಡ್ಡರೋಗವನ್ನು ಲಸಿಕೆ ಹಾಕಿ ಹಾಕಿಯೇ ಪ್ರಪಂಚದಿಂದ ಓಡಿಸಿದರು. 2011ರಲ್ಲಿ ಅದು ಇಲ್ಲವಾಯಿತು ಎಂದು ಘೋಷಣೆಯಾಯಿತು. ಡಿಸ್ಟೆಂಪರ್ ಉಳಿದಿದೆ. ವೈರಸ್ ಒಳಗೆ ಹೋದ ಮೂರರಿಂದ ಆರು ದಿನಕ್ಕೆ ಒಂದು ಜ್ವರ ಬಂದು ಹೋಗುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಎರಡನೇ ಜ್ವರ, ಜೊತೆಗೆ ಗೊಣ್ಣೆ, ಕೆಮ್ಮು, ವಾಂತಿ, ಭೇದಿ. ಮೈಯ ರೋಗನಿರೋಧಕ ಶಕ್ತಿಯನ್ನೇ ಅದು ಕೆಡಿಸುವುದರಿಂದ ಬೇರೆ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ನುಗ್ಗುತ್ತವೆ. ಎಷ್ಟೋ ನಾಯಿಗಳು ಸಾಯುವುದು ಈ ನ್ಯುಮೋನಿಯಾದಿಂದ, ಇಲ್ಲವೇ ಮೈಯ ನೀರು ಆರಿ. ವೈರಸ್ಸನ್ನೇ ಕೊಲ್ಲುವ ಔಷಧ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲೂ ಇಲ್ಲ. ಅಲ್ಲಿ ಡ್ರಿಪ್, ಆಕ್ಸಿಜನ್ ಇದೆ, ನಿಮ್ಮಲ್ಲಿಲ್ಲ. ಉಳಿದ ಆರೈಕೆಯ ಬಹುಪಾಲು ನಿಮ್ಮ ಕೈಯಲ್ಲೇ ಇದೆ.

ನೀರಿನಿಂದ ಶುರು ಮಾಡಿ. 18 ಕೆ.ಜಿ. ನಾಯಿಗೆ ದಿನಕ್ಕೆ ಸುಮಾರು ಒಂದು ಲೀಟರ್ ನೀರು ಒಳಗೆ ಹೋಗಬೇಕು. ಭೇದಿ ಇದ್ದರೆ ಇನ್ನೂ ಜಾಸ್ತಿ. ಮೆಡಿಕಲ್ ಶಾಪಿನ ಒ.ಆರ್.ಎಸ್. ಪ್ಯಾಕೆಟ್ಟನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಿ. ತಾನಾಗಿ ಕುಡಿಯದಿದ್ದರೆ ಸೂಜಿ ತೆಗೆದ ಸಿರಿಂಜಿನಲ್ಲಿ ಕೆನ್ನೆಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಬಿಡಿ, ಪ್ರತಿ ಸಲ ನುಂಗಿತೇ ನೋಡಿ. ಮೂತಿ ಮೇಲೆತ್ತಿ ಸುರಿಯಬೇಡಿ. ದನಕ್ಕೆ ಗೊಟ್ಟದಲ್ಲಿ ಕುಡಿಸಿ ರೂಢಿಯಾದವರು ನಾಯಿಗೂ ಹಾಗೇ ಮಾಡುತ್ತಾರೆ. ನೀರು ಶ್ವಾಸಕೋಶಕ್ಕೆ ಹೋಗುತ್ತದೆ, ಮೊದಲೇ ಕೆಮ್ಮುತ್ತಿರುವ ನಾಯಿ ಅಲ್ಲಿಗೆ ಮುಗಿಯಿತು. ವಾಂತಿ ನಿಲ್ಲದೆ ಬಾಯಿಂದ ಏನೂ ಹೋಗದಿದ್ದರೆ ಚರ್ಮದ ಕೆಳಗೆ ಗ್ಲೂಕೋಸ್ ಬಾಟಲಿ ಏರಿಸಬಹುದು ಅನ್ನುತ್ತಾರಲ್ಲ, ಅಲ್ಲೊಂದು ಎಚ್ಚರ. ಚರ್ಮದ ಕೆಳಗೆ ಹೋಗಬೇಕಾದ್ದು ರಿಂಗರ್ ಲ್ಯಾಕ್ಟೇಟ್ ಅಥವಾ ನಾರ್ಮಲ್ ಸಲೈನ್. ಡೆಕ್ಸ್‌ಟ್ರೋಸ್, ಅಂದರೆ ಆ ಗ್ಲೂಕೋಸ್, ಅಲ್ಲ. ನಿಮ್ಮ ಹತ್ತಿರದ ಪಶು ಚಿಕಿತ್ಸಾ ಕೇಂದ್ರದ ಸಿಬ್ಬಂದಿಗೆ ಇದು ಬರುತ್ತದೆ. ಎಷ್ಟು ಅಂತ ಡಾಕ್ಟರ ಹತ್ತಿರ ಫೋನಿನಲ್ಲೇ ಹೇಳಿಸಿ.

ಎರಡನೆಯದು ಮೂಗು. ನಾಯಿ ವಾಸನೆ ಸಿಕ್ಕರೆ ಮಾತ್ರ ಉಣ್ಣುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ, ಒಣಗಿದ ಗೊಣ್ಣೆಯನ್ನು ನೆನೆಸಿ ಒರೆಸಿ. ಮೂಗು, ಅಂಗಾಲು ಬಿರುಸಾಗಿ ಒಡೆದಿದ್ದರೆ ತೆಳುವಾಗಿ ಕೊಬ್ಬರಿ ಎಣ್ಣೆ ಹಚ್ಚಿ. ನಿಮ್ಮ ಕಡೆ ಬಚ್ಚಲುಮನೆಯಲ್ಲಿ ಹಂಡೆ ಇದ್ದೇ ಇರುತ್ತದೆ, ಅದು ಇಲ್ಲಿ ದೊಡ್ಡ ಉಪಕಾರ. ನೀರು ಕಾದು, ಹೊಗೆ ಪೂರ್ತಿ ಹೋದ ಮೇಲೆ ಬಾಗಿಲು ಮುಂದೆ ಮಾಡಿ, ಆ ಹಬೆಯಲ್ಲಿ 10ರಿಂದ 15 ನಿಮಿಷ ನಾಯಿಯ ಜೊತೆ ಕುಳಿತುಕೊಳ್ಳಿ. ದಿನಕ್ಕೆರಡು ಸಲ. ಬಿಸಿಗೆ ಏದುಸಿರು ಬಿಡತೊಡಗಿದರೆ ತಕ್ಷಣ ಹೊರಗೆ ತನ್ನಿ. ಆಮೇಲೆ ಬೊಗಸೆಯಂತೆ ಮಡಿಸಿದ ಕೈಯಿಂದ ಎದೆಯ ಎರಡೂ ಪಕ್ಕ ಮೆಲ್ಲಗೆ ತಟ್ಟಿ. ಕಫ ಸಡಿಲವಾಗುತ್ತದೆ. ವಿಕ್ಸ್, ನೀಲಗಿರಿ ಎಣ್ಣೆ ಬೇಡ. ಮಲಗಿದಲ್ಲೇ ಇದ್ದರೆ ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಮಳೆಗಾಲವಾದರೆ ಗೋಣಿ ಒದ್ದೆಯಾಗದಂತೆ ನೋಡಿಕೊಳ್ಳಿ.

ಕಣ್ಣಿಗೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದೂವರೆ ಟೀ ಚಮಚ ಉಪ್ಪು ಹಾಕಿ, ಅದರಲ್ಲಿ ತೊಳೆಯಿರಿ. ಮನೆಯಲ್ಲಿರುವ ಹಳೇ ಕಣ್ಣಿನ ಡ್ರಾಪ್ಸ್ ಹಾಕಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದು, ಕಣ್ಣಲ್ಲಿ ಹುಣ್ಣೂ ಇದ್ದರೆ ಕಣ್ಣೇ ಹೋಗಬಹುದು. ಊಟಕ್ಕೆ ಗಂಜಿ, ಬೇಯಿಸಿದ ಮೊಟ್ಟೆ, ಕೋಳಿ ಬೇಯಿಸಿದ ನೀರು. ಸ್ವಲ್ಪ ಬೆಚ್ಚಗಿರಲಿ, ವಾಸನೆ ಏಳುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಹಾಕಬೇಡಿ.

ಜ್ವರಕ್ಕೆಂದು ಮನುಷ್ಯರ ಮಾತ್ರೆ ಕೊಡಬೇಡಿ. ಪ್ಯಾರಸಿಟಮಾಲ್ ನಾಯಿಯ ಯಕೃತ್ತಿಗೆ ಅಪಾಯ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಬರಿಸುತ್ತವೆ. (ದನಕರುಗಳಿಗೆ ಡೈಕ್ಲೊಫೆನಾಕ್ ಕೊಡುವುದನ್ನು 2006ರಲ್ಲಿ ನಿಲ್ಲಿಸಿದ್ದು ರಣಹದ್ದುಗಳನ್ನು ಉಳಿಸಲು. ಊರಿನ ಕೆಲವು ಕಪಾಟುಗಳಲ್ಲಿ ಇನ್ನೂ ಇರುತ್ತದೆ, ಅದಕ್ಕೇ ಹೇಳಿದೆ.)

ಒಂದೇ ಸಲ ಗಾಡಿ ಮಾಡಲು ಆಗುವುದಾದರೆ ಯಾವಾಗ? ನನ್ನನ್ನು ಕೇಳಿದರೆ ನಾಳೆಯೇ. ಹೆಚ್ಚಿನವರು ಫಿಟ್ಸ್ ಬಂದ ಮೇಲೆ ಓಡಿಬರುತ್ತಾರೆ, ಆಗ ನಾವು ಮಾಡುವುದು ಕಡಿಮೆ. ಎದೆ ಕಟ್ಟಿದ ಹಂತದಲ್ಲಿ ಬಂದರೆ ಆಂಟಿಬಯೋಟಿಕ್ ನಿಜಕ್ಕೂ ಕೆಲಸ ಮಾಡುತ್ತದೆ. ಹೋಗುವ ಮುಂಚೆ ಡಿಜಿಟಲ್ ಥರ್ಮಾಮೀಟರ್ ತಂದು ಗುದದ್ವಾರದಲ್ಲಿಟ್ಟು ಜ್ವರ ನೋಡಿ ಬರೆದುಕೊಳ್ಳಿ. ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಮಲಗಿದ್ದಾಗ ನಿಮಿಷಕ್ಕೆ ಎಷ್ಟು ಉಸಿರು ಎಣಿಸಿ. 30ರ ಒಳಗಿರಬೇಕು, 40 ದಾಟಿದರೆ ಚಿಂತೆ. ಅದುರುವುದನ್ನು ಫೋನಿನಲ್ಲಿ ವಿಡಿಯೊ ಮಾಡಿ. ಅಲ್ಲಿ ನಾಚಿಕೆ ಇಲ್ಲದೆ ಮೂರು ಔಷಧ ಕೇಳಿ ತನ್ನಿ: ಪೂರ್ತಿ ಕೋರ್ಸಿನ ಆಂಟಿಬಯೋಟಿಕ್, ವಾಂತಿಗೆ ಔಷಧ, ಮತ್ತು ಫಿಟ್ಸ್ ಬಂದರೆ ಮನೆಯಲ್ಲೇ ಕೊಡಲು ಔಷಧ. ಕೊನೆಯದು ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಗುವುದಿಲ್ಲ. ಹೋಗಲು ಆಗಲೇ ಇಲ್ಲ ಎಂದರೆ 1962ಕ್ಕೆ ಫೋನ್ ಮಾಡಿ. ಪಶು ಸಂಚಾರಿ ವಾಹನ ಹೆಚ್ಚಾಗಿ ದನಕರುಗಳಿಗೇ ಓಡಾಡುತ್ತದೆ, ಆದರೂ ಕೇಳುವುದರಲ್ಲಿ ತಪ್ಪೇನಿಲ್ಲ.

ಫಿಟ್ಸ್ ಬಂದಾಗ ಗಡಿಯಾರ ನೋಡಿ. ದೀಪ ಆರಿಸಿ, ಸದ್ದು ಕಡಿಮೆ ಮಾಡಿ, ಸುತ್ತ ಇರುವ ಗಟ್ಟಿ ಸಾಮಾನು ಸರಿಸಿ. ಬಾಯಿಗೆ ಕೈ ಹಾಕಬೇಡಿ, ನೀರು ಬಿಡಬೇಡಿ, ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು ಯಾವುದೂ ಬೇಡ. ಐದು ನಿಮಿಷ ದಾಟಿದರೆ, ಅಥವಾ ಒಂದೇ ದಿನ ಎರಡು ಮೂರು ಸಲ ಬಂದರೆ ಕೈಯಲ್ಲಿರುವ ಔಷಧ ಕೊಟ್ಟು ಡಾಕ್ಟರಿಗೆ ಫೋನ್ ಮಾಡಿ.

ಮತ್ತೆ ಮತ್ತೆ ಫಿಟ್ಸ್ ಬಂದು, ನಡುವೆ ಪ್ರಜ್ಞೆಯೂ ಸರಿಯಾಗಿ ಬರದೆ, ಏಳಲಾಗದೆ, ನುಂಗಲಾಗದೆ ಇದ್ದರೆ ದಯಾಮರಣದ ಇಂಜೆಕ್ಷನ್ ಬಗ್ಗೆ ಕೇಳಿ. ಅದು ಕೈಬಿಡುವುದಲ್ಲ. ವಿಷ ಇಡುವುದು, ಕಾಡಿಗೆ ಬಿಟ್ಟುಬರುವುದು ಮಾತ್ರ ಮಾಡಬೇಡಿ.

ಪ್ರಶ್ನೆ: ಮರಿಗೆ ಡಿಸ್ಟೆಂಪರ್ ಬಂದು ವಾಸಿಯಾಯಿತು. ಈಗ ಚೆನ್ನಾಗಿ ಉಣ್ಣುತ್ತದೆ, ಆದರೆ ಹಿಂಗಾಲು ನಿದ್ದೆಯಲ್ಲೂ ಜಗ್ ಜಗ್ ಎನ್ನುತ್ತದೆ. ಯಾವುದೋ ವಿಡಿಯೊದಲ್ಲಿ ಕೋಳಿಯ ಕೊಕ್ಕರೆ ರೋಗದ ಲಸಿಕೆ ಕೊಟ್ಟರೆ ಹೋಗುತ್ತದೆ ಎಂದರು. ಹಾಕಿಸಲೇ? — ಹಾವೇರಿ ಜಿಲ್ಲೆಯ ಓದುಗರು

ಉತ್ತರ: ಹಾಕಿಸಬೇಡಿ. ಆ ಮಾತು ಅಮೆರಿಕದಿಂದ ಶುರುವಾಗಿ ಬಹಳ ವರ್ಷಗಳಿಂದ ಓಡಾಡುತ್ತಿದೆ, ಸರಿಯಾದ ಪರೀಕ್ಷೆಯಲ್ಲಿ ಸಾಬೀತಾಗಿಲ್ಲ. ಬೆನ್ನುಹುರಿಗೆ ಚುಚ್ಚುವವರೂ ಇದ್ದಾರೆ, ಅದಂತೂ ಅಪಾಯ.

ಆ ಸೆಳೆತ ವೈರಸ್ ನರದಲ್ಲಿ ಬಿಟ್ಟುಹೋದ ಗುರುತು. ಹೆಚ್ಚಾಗಿ ಹೋಗುವುದಿಲ್ಲ, ಕೆಲವಕ್ಕೆ ಕಡಿಮೆಯಾಗುತ್ತದೆ. ಮರಿ ಉಣ್ಣುತ್ತದೆ, ಓಡಾಡುತ್ತದೆ, ನಿದ್ದೆ ಮಾಡುತ್ತದೆ ಅಂದಮೇಲೆ ಅದಕ್ಕೆ ತೊಂದರೆ ಅಷ್ಟಿಲ್ಲ, ನೋಡುವ ನಮಗೇ ಜಾಸ್ತಿ. ಹೊಸ ಹಲ್ಲು ಕಂದಾಗಿ, ಗುಳಿಬಿದ್ದು ಹುಟ್ಟಿದರೂ ಗಾಬರಿ ಬೇಡ, ಅದೂ ಇದೇ ರೋಗದ ಗುರುತು. ಫಿಟ್ಸ್ ಬಂದರೆ ಮಾತ್ರ ಡಾಕ್ಟರಿಗೆ ತೋರಿಸಿ. ವಾಸಿಯಾದ ಕೆಲವು ತಿಂಗಳ ಮೇಲೂ ಅದು ಬರುವುದುಂಟು. ಇನ್ನೊಂದು ವಿಷಯ: ಗುಣವಾದ ನಾಯಿ ಎರಡು ಮೂರು ತಿಂಗಳವರೆಗೂ ವೈರಸ್ ಹೊರಗೆ ಬಿಡುತ್ತಿರಬಹುದು. ಅಲ್ಲಿವರೆಗೆ ಬೇರೆ ಮರಿಗಳ ಜೊತೆ ಬಿಡಬೇಡಿ.

ಪ್ರಶ್ನೆ: ನಮ್ಮೂರಲ್ಲಿ ನಾಲ್ಕು ನಾಯಿ ಇದರಲ್ಲೇ ಸತ್ತವು. ನಮ್ಮ ಮನೆಯಲ್ಲಿ ಎರಡು ಆರೋಗ್ಯವಾಗಿವೆ. ಪೇಟೆಯಿಂದ ಲಸಿಕೆ ತಂದು ಹಾಕಿಸಬಹುದಾ? ಕಾಡಂಚಿನ ಊರು, ಕಾಡುಪ್ರಾಣಿಗೂ ಬರುತ್ತದಾ? — ಎಚ್.ಡಿ. ಕೋಟೆ ತಾಲೂಕಿನ ಓದುಗರು

ಉತ್ತರ: ಹಾಕಿಸಬಹುದು, ಈ ವಾರವೇ. ಆದರೆ ಈಗಾಗಲೇ ವೈರಸ್ ಒಳಗೆ ಹೋಗಿದ್ದರೆ ಲಸಿಕೆ ಅದನ್ನು ತಡೆಯದಿರಬಹುದು, ಲಸಿಕೆಯನ್ನು ಬೈಯಬೇಡಿ. ಮೆಡಿಕಲ್ಲಿನಲ್ಲಿ ಸೆವೆನ್ ಇನ್ ಒನ್, ನೈನ್ ಇನ್ ಒನ್ ಅಂತ ಕೇಳಿದರೆ ಸಿಗುತ್ತದೆ. ಅದರಲ್ಲಿ ಡಿಸ್ಟೆಂಪರ್, ಪಾರ್ವೊ (ರಕ್ತಭೇದಿ ಮಾಡುವ ಇನ್ನೊಂದು ವೈರಸ್ ರೋಗ) ಎರಡಕ್ಕೂ ಲಸಿಕೆ ಇರುತ್ತದೆ. ರೇಬೀಸ್ ಲಸಿಕೆ ಬೇರೆ, ಅದನ್ನೂ ಹಾಕಿಸಿ.

ಹಾಳಾಗುವುದು ದಾರಿಯಲ್ಲಿ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಸ್ಸಿನ ಇಂಜಿನ್ ಪಕ್ಕ ಕುಳಿತು ಎರಡು ಗಂಟೆ ಬಂದರೆ ಬರೀ ನೀರು ಚುಚ್ಚಿದ ಹಾಗೆ. ಅಗಲ ಬಾಯಿಯ ಥರ್ಮಾಸ್ ತೆಗೆದುಕೊಂಡು ಹೋಗಿ, ಐಸ್ ಹಾಕಿಸಿ, ಶೀಶೆಗಳನ್ನು ಬಟ್ಟೆಯಲ್ಲಿ ಸುತ್ತಿಡಿ. ಐಸಿಗೆ ನೇರವಾಗಿ ತಾಗಿ ಗಡ್ಡೆ ಕಟ್ಟಬಾರದು. ಪುಡಿಗೆ ನೀರು ಬೆರೆಸಿದ ಮೇಲೆ ಇಟ್ಟುಕೊಳ್ಳಬೇಡಿ, ಆಗಲೇ ಹಾಕಿಸಿ. ನಾಲ್ಕು ಮನೆಯವರು ಸೇರಿ ಒಂದೇ ದಿನ ತಂದರೆ ಖರ್ಚೂ ಕಡಿಮೆ, ಪಶು ಚಿಕಿತ್ಸಾಲಯದವರೂ ಬರುತ್ತಾರೆ. ಮರಿಗಳಿಗೆ ಆರರಿಂದ ಎಂಟು ವಾರಕ್ಕೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಹಾಕಿಸಬೇಕು. ಒಂದೇ ಡೋಸಿಗೆ ನಿಲ್ಲಿಸಿದರೆ ಸಾಲದು. ತಾಯಿ ಹಾಲಿನಿಂದ ಬಂದ ರಕ್ಷಣೆ ಮೊದಲ ಡೋಸನ್ನು ಕೆಲಸ ಮಾಡಲು ಬಿಡದೇ ಇರಬಹುದು.

ಕಾಡುಪ್ರಾಣಿಗೂ ಬರುತ್ತದೆ. ನರಿ, ಸೀಳುನಾಯಿ ಮಾತ್ರ ಅಲ್ಲ, ಬೆಕ್ಕಿನ ಜಾತಿಯ ದೊಡ್ಡ ಪ್ರಾಣಿಗಳಿಗೂ. 1994ರಲ್ಲಿ ಟಾಂಜಾನಿಯಾದ ಸೆರೆಂಗೆಟಿಯಲ್ಲಿ ಸಿಂಹಗಳ ಸುಮಾರು ಮೂರನೇ ಒಂದು ಭಾಗ ಇದೇ ರೋಗಕ್ಕೆ ಹೋಯಿತು. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಕೆಲವಕ್ಕೆ ಈ ವೈರಸ್ ಇದ್ದದ್ದು ಗೊತ್ತಾಯಿತು. ನಾಗರಹೊಳೆ, ಬಂಡೀಪುರ ನಿಮ್ಮ ಬೇಲಿಯಾಚೆಗೇ ಇವೆ. ಸತ್ತ ನಾಯಿಯನ್ನು ಕಾಡಂಚಿಗೆ ಎಸೆಯಬೇಡಿ, ಆಳವಾಗಿ ಹೂಳಿ. ಅದು ಮಲಗಿದ್ದ ಗೋಣಿ ಸುಟ್ಟುಬಿಡಿ, ತಟ್ಟೆ, ಸರಪಳಿ ಸೋಪಿನಲ್ಲಿ ತೊಳೆದು ಬಿಸಿಲಿಗೆ ಇಡಿ. ಈ ವೈರಸ್ ಹೊರಗೆ ಬಹಳ ದುರ್ಬಲ. ಸೋಪು, ಬಿಸಿಲು, ಬ್ಲೀಚಿಂಗ್ ಪುಡಿ ಯಾವುದನ್ನೂ ತಡೆದುಕೊಳ್ಳುವುದಿಲ್ಲ. ಪಾರ್ವೊ ಹಾಗಲ್ಲ, ಅದು ಮಣ್ಣಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಸತ್ತ ನಾಲ್ಕರಲ್ಲಿ ಯಾವುದಕ್ಕಾದರೂ ಗೊಣ್ಣೆ, ಕೆಮ್ಮು ಇಲ್ಲದೆ ಬರೀ ರಕ್ತಭೇದಿ ಆಗಿತ್ತಾ ಅಂತ ಊರಲ್ಲಿ ಒಮ್ಮೆ ವಿಚಾರಿಸಿ. ಆಗಿದ್ದರೆ ಅದು ಪಾರ್ವೊ ಇರಬಹುದು, ಲಸಿಕೆ ಪೂರ್ತಿಯಾಗದ ಹೊಸ ಮರಿ ತರಬೇಡಿ.