ಹೈಕೋರ್ಟ್ ಎಂದರೆ ಮೂರನೇ ಸಲದ ವಿಚಾರಣೆ ಅಲ್ಲ

ಪ್ರಶ್ನೆ: ಜಮೀನಿನ ದಾವೆಯನ್ನು ತಾಲ್ಲೂಕು ಕೋರ್ಟಿನಲ್ಲಿ ಸೋತೆವು. ಜಿಲ್ಲಾ ಕೋರ್ಟಿನ ಅಪೀಲಿನಲ್ಲೂ ಅದೇ ಆಯಿತು. ನಮ್ಮ ಸಾಕ್ಷಿಗಳನ್ನು ಎರಡೂ ಕಡೆ ನಂಬಲಿಲ್ಲ. ಹೈಕೋರ್ಟಿನಲ್ಲಿ ಮೊದಲಿಂದ ಕೇಳುತ್ತಾರೆ ಅಲ್ವಾ? ಈಗ ಒಂದು ಹಳೇ ಕಾಗದವೂ ಸಿಕ್ಕಿದೆ.

ಉತ್ತರ: ಕೇಳುವುದಿಲ್ಲ. ಎಷ್ಟು ಸಲ ಬರೆದರೂ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಯಾವ ಸಾಕ್ಷಿಯನ್ನು ನಂಬಬೇಕು ಎಂಬ ಲೆಕ್ಕ ಸಾಮಾನ್ಯವಾಗಿ ಮೊದಲ ಅಪೀಲಿಗೇ ಮುಗಿಯುತ್ತದೆ. ನಿಮ್ಮದು ಎರಡನೇ ಅಪೀಲು. ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಮಿನಂತೆ ಅದಕ್ಕೆ ಮಹತ್ವದ ಕಾನೂನು ಪ್ರಶ್ನೆಯೊಂದು ಇರಲೇಬೇಕು. 1976ರ ತಿದ್ದುಪಡಿ ಬಾಗಿಲನ್ನು ಅಷ್ಟು ಕಿರಿದು ಮಾಡಿದೆ. ಅಂಥ ಪ್ರಶ್ನೆ ಕಾಣದಿದ್ದರೆ ಅಡ್ಮಿಷನ್ ಹಂತದಲ್ಲೇ, ಅಂದರೆ ಅಪೀಲನ್ನು ವಿಚಾರಣೆಗೆ ತೆಗೆದುಕೊಳ್ಳಬೇಕೇ ಎಂದು ನೋಡುವಾಗಲೇ, ವಜಾ.

‘ಪಕ್ಕದ ಹೊಲದವನು ಸುಳ್ಳು ಹೇಳಿದ’ ಅನ್ನುವುದು ಕಾನೂನು ಪ್ರಶ್ನೆಯಲ್ಲ. ನೋಂದಣಿಯೇ ಆಗದ ಕ್ರಯಪತ್ರದಿಂದ ಮಾಲೀಕತ್ವ ಬಂತು ಎಂದು ಕೆಳಗಿನ ಕೋರ್ಟು ಹೇಳಿದ್ದರೆ, ಅದು ಕಾನೂನು ಪ್ರಶ್ನೆ. ಎದುರಾಳಿ ಸಾಬೀತು ಮಾಡಬೇಕಾದದ್ದನ್ನು ನಿಮ್ಮ ತಲೆಗೆ ಕಟ್ಟಿದ್ದರೂ ಹೌದು. ತೀರ್ಮಾನಕ್ಕೆ ಒಂದೂ ಸಾಕ್ಷ್ಯವಿಲ್ಲದಿದ್ದರೂ ಹೌದು.

ಇನ್ನು ಆ ಕಾಗದ. ಇಷ್ಟು ವರ್ಷ ಅದು ಎಲ್ಲಿತ್ತು? ಎಷ್ಟು ಹುಡುಕಿದರೂ ಆಗ ಸಿಗುತ್ತಿರಲಿಲ್ಲ ಎಂದು ತೋರಿಸಬೇಕು. ಇಲ್ಲವೇ ಕೆಳಗಿನ ಕೋರ್ಟು ತಪ್ಪಾಗಿ ಬೇಡ ಅಂದಿರಬೇಕು, ಅಥವಾ ತೀರ್ಪಿಗೆ ಅದು ಬೇಕು ಎಂದು ಕೋರ್ಟಿಗೇ ಅನಿಸಬೇಕು. ಬೀರುವಿನಲ್ಲಿತ್ತು, ಮರೆತಿದ್ದೆವು ಅಂದರೆ ನಡೆಯದು. ನಾನಂತೂ ಎರಡೂ ತೀರ್ಪು ಓದದೆ ಅಪೀಲು ಹಾಕಿ ಅನ್ನುವುದಿಲ್ಲ. ಓದಿದ ಮೇಲೂ ಬಹಳ ಸಲ ಬೇಡ ಅಂದಿದ್ದೇನೆ. ಸಿಟ್ಟು ಮಾಡಿಕೊಂಡು ಹೋದವರೂ ಇದ್ದಾರೆ, ಹೋಗಲಿ.

ಪ್ರಶ್ನೆ: ಅಪೀಲು ಹಾಕಿದರೆ ಡಿಕ್ರಿ (ಕೆಳಗಿನ ಕೋರ್ಟಿನ ಅಂತಿಮ ಆದೇಶ) ತಾನಾಗೇ ನಿಲ್ಲುತ್ತದಾ?

ಉತ್ತರ: ಇಲ್ಲ. ತಡೆಯಾಜ್ಞೆ ಬೇರೆ ಕೇಳಬೇಕು, ಕೊಡಲೇಬೇಕೆಂದೂ ಇಲ್ಲ. ಸುಮ್ನೆ ಕೂತರೆ ಎದುರಾಳಿಯಿಂದ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿ ಅನ್ನುವ ಅರ್ಜಿ, ಬರುತ್ತದೆ.

ಪ್ರಶ್ನೆ: ಹೈಕೋರ್ಟಿಗೆ ಹೋಗಲು ಎಷ್ಟು ದಿನ ಇದೆ?

ಉತ್ತರ: 90 ದಿನ. ತೀರ್ಪಿನ ನಕಲು ಸಿಗಲು ಹಿಡಿದ ಸಮಯ ಇದರಲ್ಲಿ ಸೇರುವುದಿಲ್ಲ. ಆದ್ದರಿಂದ ನಕಲಿನ ಅರ್ಜಿಯನ್ನು ಬೇಗ ಹಾಕಿ.

ಪ್ರಶ್ನೆ: ‘ಮೇಲೆ ನನಗೆ ಗೊತ್ತಿರುವವರಿದ್ದಾರೆ, ಗೆಲ್ಲಿಸುತ್ತೇನೆ’ ಅಂತ ಒಬ್ಬರು ದುಡ್ಡು ಕೇಳುತ್ತಿದ್ದಾರೆ.

ಉತ್ತರ: ಹತ್ತು ಜನರ ಹತ್ತಿರ ದುಡ್ಡು ತೆಗೆದುಕೊಂಡರೆ ಒಬ್ಬಿಬ್ಬರು ಹೇಗೂ ಗೆಲ್ಲುತ್ತಾರೆ. ಅವರನ್ನೇ ತೋರಿಸಿ ಹನ್ನೊಂದನೆಯವರಾಗಿ ನಿಮ್ಮನ್ನು ಹಿಡಿದಿದ್ದಾನೆ.